ಹಿತ್ತಲಲ್ಲಿ ಹೂತ ಗುಳಿಗೆ

ಹದಿನಾಲ್ಕು ವರ್ಷ ಹಳ್ಳಿ ದವಾಖಾನೆಗಳಲ್ಲಿ ದುಡಿದ ಡಾಕ್ಟರ್ ಸಂಘಮಿತ್ರಾ ಈಗ ಧಾರವಾಡದ ಕಚೇರಿಯಲ್ಲಿ ವರದಿ ಓದುತ್ತಿದ್ದಳು. ಮುಗದ ಊರಿನಾಚೆಯ ಒಂದು ಹಳ್ಳಿಯಲ್ಲಿ ಬಸುರಿಯರೆಲ್ಲ ರಕ್ತ ಹೆಚ್ಚಿಸುವ ಗುಳಿಗೆ ತಪ್ಪದೆ ನುಂಗುತ್ತಿದ್ದಾರೆಂದು ಬರೆದಿತ್ತು. ಆದರೆ ಒಬ್ಬಳ ರಕ್ತದ ಪ್ರಮಾಣವೂ ಏರಿರಲಿಲ್ಲ. ಕೂತಲ್ಲಿ ಕೂರಲಾಗದೆ ಊಟ ಬಿಟ್ಟು ಆ ಹಳ್ಳಿಗೆ ಹೊರಟೇಬಿಟ್ಟಳು.

ಮೊದಲ ಮನೆಯಲ್ಲೇ ಏಳು ತಿಂಗಳ ಬಸುರಿ ದ್ರಾಕ್ಷಾಯಿಣಿ ಬಾಗಿಲಿಗೊರಗಿ ಏದುಸಿರು ಬಿಡುತ್ತಿದ್ದಳು. ಗುಳಿಗೆ ಎಲ್ಲಿ ಎಂದು ಕೇಳಿದರೆ ಅತ್ತೆ ಹೊಳೆವ್ವ ತಲೆ ತಗ್ಗಿಸಿದಳು.

"ಹಿತ್ತಲದಾಗ ಹುಗದೇನ್ರಿ ಡಾಕ್ಟರ್ ಬಾಯಾರ. ಅದನ್ನ ತಿಂದ್ರ ಕೂಸು ದೊಡ್ಡದಾಗತೈತಿ ಅಂತಾರ. ನನ್ನ ಮಗಳ ಕೂಸು ಭಾಳ ದೊಡ್ಡದಿತ್ರಿ, ಹಡಿಯೂವಾಗನ ತೀರಿಕೊಂಡ್ಳು."

ಬೈಯಲೆಂದೇ ಬಂದಿದ್ದ ಸಂಘಮಿತ್ರಾ ಗುಳಿಗೆಯ ಚೀಲ ಕೆಳಗಿಟ್ಟಳು. ಇಷ್ಟು ವರ್ಷ ನುಂಗಿರೆಂದು ಹೇಳಿದ್ದಳೇ ಹೊರತು, ಯಾಕೆ ನುಂಗುವುದಿಲ್ಲವೆಂದು ಒಬ್ಬರನ್ನೂ ಕೇಳಿರಲಿಲ್ಲ. ಹೊಳೆವ್ವನ ಪಕ್ಕ ಕಟ್ಟೆಯ ಮೇಲೆ ಕೂತಳು.

"ಇದು ಕೂಸಿನ ಮೈ ಬೆಳಸೂದಲ್ಲ ಯವ್ವಾ, ತಾಯಿಗೆ ರಕ್ತ ಕೊಡತೈತಿ. ಹೆರಿಗ್ಯಾಗ ರಕ್ತ ಹೋದ್ರ ನಿಮ್ಮ ಸೊಸಿ ತಡಕೋಬೇಕಲ್ರಿ?"

ಹೊಳೆವ್ವ ಎದ್ದು ಒಳಗೆ ಹೋದಳು. ತಾನೇ ನೀರು ತಂದು, ಡಾಕ್ಟರ ಚೀಲದಿಂದ ಬಂದ ಗುಳಿಗೆಯನ್ನು ಸೊಸೆಯ ಅಂಗೈಗಿಟ್ಟಳು. ದ್ರಾಕ್ಷಾಯಿಣಿ ಕಣ್ಣು ಮುಚ್ಚಿ ನುಂಗಿದಳು.

ಸಂಘಮಿತ್ರಾಳಿಗೆ ಆಗಲೂ ಸಮಾಧಾನವಾಗಲಿಲ್ಲ. ಊರಿನ ಉಳಿದ ಬಸುರಿಯರು ಇನ್ನೂ ನುಂಗಿರಲಿಲ್ಲ. ಹೊಳೆವ್ವನನ್ನೇ ಜೊತೆಗೆ ಕರೆದುಕೊಂಡು ಪಕ್ಕದ ಮನೆಯ ಬಾಗಿಲು ಬಡಿದಳು.