ಅರ್ಧ ದಾರಿಯ ಶುಕ್ರವಾರ

ಆ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಕೂತು ಮಾತಾಡೋಣ ಎಂದು ಡಾಕ್ಟರ್ ಮಿರ್ತಾ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಏನು ಮಾತು ಎಂದು ನುಬಿಯಾ ಕೇಳಲಿಲ್ಲ. ಪಶುವೈದ್ಯದ ತರಬೇತಿಗೆಂದು ಕೊಲಂಬಿಯಾದಿಂದ ಉರುಗ್ವೆಯ ಈ ದನ ಕುದುರೆಗಳ ಬಯಲಿಗೆ ಅವಳು ಬಂದು ಮೂರು ತಿಂಗಳಾಗಿತ್ತು, ಇನ್ನು ಮೂರು ತಿಂಗಳು ಬಾಕಿ. ಹುಡುಗಿಯನ್ನು ಮುಂದುವರಿಸುವುದೋ ಮನೆಗೆ ಕಳಿಸುವುದೋ ಎಂದು ಅರ್ಧ ದಾರಿಯಲ್ಲಿ ಒಮ್ಮೆ ಮಿರ್ತಾ ಅಲ್ಲಿಯ ಕಾಲೇಜಿಗೆ ಹೇಳಬೇಕಿತ್ತು.

ಕೈಕೆಲಸದಲ್ಲಿ ಅವಳನ್ನು ದೂರುವಂತಿರಲಿಲ್ಲ. ದೂರೆಲ್ಲ ಅವಳ ಬಾಯಿಯದು. ಅವಳ ಊರಿನ ಬೆಟ್ಟಸೀಮೆಯಲ್ಲಿ ಎಲ್ಲರಿಗೂ ಬಹುವಚನವೇ, ಮಕ್ಕಳಿಗೂ 'ನೀವು', ನಾಯಿಗೂ 'ನೀವು'. ಇಲ್ಲಿ ಹಣ್ಣು ಹಣ್ಣು ಮುದುಕರನ್ನೂ ಏಕವಚನದಲ್ಲೇ ಕರೆಯುತ್ತಾರೆ. ಬಂದ ಹೊಸದರಲ್ಲಿ ಅವಳು ಬಾಗಿಲಿಗೆ ಅಡ್ಡ ಮಲಗಿದ್ದ ನಾಯಿಗೆ, ಸ್ವಲ್ಪ ಆ ಕಡೆ ಸರೀತೀರಾ ಎಂದಿದ್ದಳು. ಕೊಟ್ಟಿಗೆಗೆ ಕೊಟ್ಟಿಗೆಯೇ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಕೇಳಿದ್ದಕ್ಕಷ್ಟೇ ಉತ್ತರ. ಹೋದ ತಿಂಗಳು ಒಂದು ಕರುವಿನ ಎಡ ಪಕ್ಕೆ ಗಾಳಿ ತುಂಬಿ ಉಬ್ಬುತ್ತಿರುವುದು ಮೊದಲು ಅವಳ ಕಣ್ಣಿಗೇ ಬಿದ್ದಿತ್ತು. ಮಿರ್ತಾ ಬೇರೊಂದು ಹಸುವಿನ ಹತ್ತಿರ ಇದ್ದರು. ಅವರು ಬರಲಿ ಎಂದು ಕಾದಳು. ಬರುವಷ್ಟರಲ್ಲಿ ಕರು ಸತ್ತಿತ್ತು. ಕಂಡ ಮೇಲೆ ಕೂಗಬಾರದಿತ್ತೇ ಎಂದು ಮಿರ್ತಾ ಕೇಳಿದ್ದರು. ಆಮೇಲೆ ಅವಳನ್ನು ಏನನ್ನೂ ಕೇಳುವುದನ್ನೇ ಬಿಟ್ಟಿದ್ದರು.

ಊಟದ ಹೊತ್ತಿಗೆ ಮುಂಚೆಯೇ ಫೋನ್ ಬಂತು. ಪಕ್ಕದ ಜಮೀನಿನ ವಾಲ್ದೆಮಾರ್. ಅವನ ಗಬ್ಬದ ಕುದುರೆಗೆ ನೀರು ಒಡೆದಿದೆ, ಮರಿಯ ಒಂದೇ ಕಾಲು ಹೊರಗೆ ಬಂದಿದೆ, ಮುಂದಕ್ಕಿಲ್ಲ. ಮಿರ್ತಾರ ಬಲಗೈ ಪ್ಲಾಸ್ಟರಿನಲ್ಲಿತ್ತು. ಹಿಂದಿನ ವಾರ ದನದ ಗೇಟು ಬಡಿದು ಮಣಿಕಟ್ಟು ಮುರಿದಿತ್ತು. ನುಬಿಯಾ ಗಾಡಿ ಓಡಿಸಿದಳು.

ಕುದುರೆ ಬೇಲಿಯ ಹತ್ತಿರ ಬೆವರಿ ನಿಂತಿತ್ತು. ವಾಲ್ದೆಮಾರನ ಹೆಂಡತಿ ಎಲ್ಬಾ ಅದರ ತಲೆ ಹಿಡಿದಿದ್ದಳು. ನುಬಿಯಾ ಭುಜದವರೆಗೆ ಕೈ ತೊಳೆದು, ಜಾರುವ ಎಣ್ಣೆ ಹಚ್ಚಿಕೊಂಡು ಒಳಗೆ ಕೈ ಹಾಕಿದಳು. ಮರಿಯ ಮೂತಿ ಸಿಕ್ಕಿತು. ಬಲಗಾಲು ನೆಟ್ಟಗಿತ್ತು, ಎಡಗಾಲು ಮಂಡಿಯಲ್ಲಿ ಮಡಚಿಕೊಂಡು ತಾಯಿಯ ಸೊಂಟದ ಮೂಳೆಗೆ ಒತ್ತಿ ಕೂತಿತ್ತು. ಅದನ್ನು ಹೇಳಿದಳು. ಜೀವ ಇದೆಯಾ ಎಂದು ಮಿರ್ತಾ ಕೇಳಿದರು. ಗೊರಸಿನ ಮೇಲೆ ಚಿವುಟಿದಳು. ಏನೂ ಮಿಸುಕಲಿಲ್ಲ.

ಆಗಲೇ ಹೊತ್ತು ಮೀರಿದೆ, ಮರಿ ಹೋಯಿತು, ತಾಯಿಯನ್ನಾದರೂ ಉಳಿಸಿ ಎಂದ ವಾಲ್ದೆಮಾರ್. ಮಿರ್ತಾ ಪೆಟ್ಟಿಗೆಯಿಂದ ಗರಗಸದ ತಂತಿ ತೆಗೆದರು. ಸತ್ತ ಮರಿಯನ್ನು ಒಳಗೇ ತುಂಡು ಮಾಡಿ ಹೊರತೆಗೆಯುವ ತಂತಿ ಅದು.

ನುಬಿಯಾಳ ಬೆರಳು ಆಗ ಮರಿಯ ಬಾಯೊಳಗಿತ್ತು. ನಾಲಿಗೆ ಒಮ್ಮೆ ಬೆರಳನ್ನು ಎಳೆದಂತಾಯಿತು. ಅಥವಾ ತಾಯಿ ಹೆರಲು ತಿಣುಕಿ ಮುಕ್ಕಿದ್ದಕ್ಕೆ ಹಾಗಾಯಿತೋ? ಅವಳು ಇನ್ನೊಮ್ಮೆ ಆಗಲಿ ಎಂದು ಕಾದಳು. ಆಗಲಿಲ್ಲ. ಮಿರ್ತಾ ಎಡಗೈಯಲ್ಲೇ ತಂತಿಯ ಸುರುಳಿ ಬಿಚ್ಚುತ್ತಿದ್ದರು.

"ಡಾಕ್ಟ್ರೇ, ತಂತಿ ಬೇಡ. ನಾಲಿಗೆ ಎಳೀತು."

"ಖಂಡಿತಾನಾ?"

"ಖಂಡಿತ ಅಂತ ಹೇಳಕ್ಕಾಗಲ್ಲ. ಎಳೀತು ಅನ್ನಿಸ್ತು."

"ಇವಳಿಗೆ ಅನ್ನಿಸಿದ್ದಕ್ಕೆ ನನ್ನ ಕುದುರೆ ಸಾಯ್ಬೇಕಾ?" ಎಂದ ವಾಲ್ದೆಮಾರ್. "ಮಿರ್ತಾ, ನೀನೇ ಕೈ ಹಾಕಿ ನೋಡು."

ಮಿರ್ತಾ ಪ್ಲಾಸ್ಟರಿನ ಕೈ ಎತ್ತಿ ತೋರಿಸಿದರು. "ಈ ಕೈ ಹೋಗೋ ಹಾಗಿದ್ರೆ ಇವಳನ್ನ ಯಾಕೆ ಕೇಳ್ತಿದ್ದೆ?" ನುಬಿಯಾಳ ಕಡೆ ತಿರುಗಿದರು. "ಒಂದು ಸಲ ಪ್ರಯತ್ನ ಮಾಡು. ಕಾಲು ತಿರುಗದಿದ್ರೆ ಕತ್ತರಿಸೋದೇ."

ಮೊದಲು ಮರಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಬೇಕು, ಜಾಗ ಸಿಕ್ಕ ಮೇಲೆ ಕಾಲು ಬಿಡಿಸಬೇಕು. ತಳ್ಳಿದಷ್ಟೂ ಕುದುರೆ ಮುಕ್ಕುತ್ತಿತ್ತು. ಮುಕ್ಕಿದಾಗೆಲ್ಲ ಅವಳ ತೋಳು ಮೂಳೆಗೂ ಮರಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಗುತ್ತಿತ್ತು. ಬೆರಳುಗಳ ಅರಿವೇ ತಪ್ಪತೊಡಗಿತು.

"ತಡ್ಕೊಳ್ಳಿ ತಾಯಿ, ಸ್ವಲ್ಪ ತಡ್ಕೊಳ್ಳಿ. ನಿಮ್ಮ ಮಗೂನ ನಾನು ನೋಯಿಸಲ್ಲ," ಎನ್ನುತ್ತಿದ್ದಳು. ಯಾರೂ ನಗಲಿಲ್ಲ. ಎಲ್ಬಾ ಕುದುರೆಯನ್ನು ಒಂದೆರಡು ಹೆಜ್ಜೆ ನಡೆಸಿದಳು. ಮುಕ್ಕುವುದು ಒಂದಿಷ್ಟು ಸಡಿಲವಾಯಿತು. ಅಷ್ಟರಲ್ಲಿ ನುಬಿಯಾ ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡಳು, ಅದು ತಾಯಿಯ ಗರ್ಭ ಸೀಳದಿರಲಿ ಎಂದು. ಮಂಡಿಯನ್ನು ಮೇಲಕ್ಕೊತ್ತಿ ಗೊರಸನ್ನು ತನ್ನ ಕಡೆ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಸಾಕು ಬಿಡು ಎಂದು ಮಿರ್ತಾ ಹೇಳುವಷ್ಟರಲ್ಲಿ ಕಾಲು ಸರಕ್ಕನೆ ನೆಟ್ಟಗಾಗಿ ಹೊರಗೆ ಇಣುಕಿತು.

ಎರಡೂ ಕಾಲಿಗೆ ಹಗ್ಗ ಕಟ್ಟಿ, ಕುದುರೆ ಮುಕ್ಕಿದಾಗೆಲ್ಲ ವಾಲ್ದೆಮಾರ್ ಅವಳ ಜೊತೆ ಎಳೆದ. ಮರಿ ಅವರ ಕಾಲ ಬಳಿ ಧೊಪ್ಪನೆ ಬಿತ್ತು. ಕೆಂಗಂದು ಬಣ್ಣದ ಹೆಣ್ಣು ಮರಿ. ಉಸಿರಿರಲಿಲ್ಲ. ನುಬಿಯಾ ಮೂಗಿನ ಲೋಳೆ ಬಳಿದು, ಹುಲ್ಲಿನಿಂದ ಎದೆ ಉಜ್ಜಿ ಉಜ್ಜಿ, ಹುಲ್ಲುಕಡ್ಡಿಯೊಂದನ್ನು ಹೊಳ್ಳೆಯೊಳಗೆ ಆಡಿಸಿದಳು. ಆಗ ಅದು ಸೀನಿತು. ಮತ್ತೆ ಸೀನಿ, ತಲೆ ಕೊಡವಿತು.

ಎಲ್ಬಾ ಸೋರೆಬುರುಡೆಯಲ್ಲಿ ಆ ಸೀಮೆಯವರು ಕುಡಿಯುವ 'ಮಾತೆ' ಎಂಬ ಬಿಸಿ ಎಲೆಕಷಾಯ ತಂದಳು. ನುಬಿಯಾಳ ಬಲಗೈಯ ಬೆರಳುಗಳು ಇನ್ನೂ ಮಡಚುತ್ತಿರಲಿಲ್ಲ. ಎಲ್ಬಾ ತಾನೇ ಬುರುಡೆ ಹಿಡಿದು, ಹೀರುವ ಕೊಳವೆಯನ್ನು ಅವಳ ತುಟಿಗಿಟ್ಟಳು.

ಮಿರ್ತಾ ಪಕ್ಕದಲ್ಲಿ ಬಂದು ಕೂತರು. "ಬೆಳಿಗ್ಗೆ ನಿನ್ನ ಕಳಿಸಿಬಿಡೋಣ ಅಂತಲೇ ಇದ್ದೆ."

"ಗೊತ್ತಿತ್ತು."

"ನಾಲಿಗೆ ಎಳೆದಿದ್ದು ನಾನು ತಂತಿ ಬಿಚ್ಚೋಕೆ ಮುಂಚೇನೋ, ಆಮೇಲೋ?"

ಸುಳ್ಳು ಹೇಳಬಹುದಿತ್ತು. "ತಂತಿ ಬಿಚ್ಚೋಕೆ ಮುಂಚೇನೇ," ಎಂದಳು.

"ಮತ್ತೆ ಯಾಕೆ ಕಾದೆ?"

"ತಪ್ಪಾದ್ರೆ ಅಂತ."

"ತಪ್ಪಾದ್ರೆ ಆ ತಪ್ಪು ನಂದು. ಕಂಡಿದ್ದು ಹೇಳೋದು ನಿನ್ನ ಕೆಲಸ, ತೀರ್ಮಾನ ಮಾಡೋದು ನನ್ನ ಕೆಲಸ. ನೀನು ಎರಡನ್ನೂ ತಲೆ ಮೇಲೆ ಹೊತ್ಕೊಂಡು ಬಾಯಿ ಮುಚ್ಕೋತೀಯ." ಮಿರ್ತಾ ಎದ್ದು ನಿಂತರು. "ಉಳ್ಕೋ. ಆದ್ರೆ ಇನ್ನೊಂದು ಕರು ಹಾಗೆ ಸತ್ರೆ ಅವತ್ತೇ ಬಸ್ಸು ಹತ್ತಿಸ್ತೀನಿ."

ನುಬಿಯಾ ತಲೆಯಾಡಿಸಿದಳು. ಬೇಲಿಯ ಹತ್ತಿರ ತಾಯಿ ನೆಕ್ಕುತ್ತಿದ್ದಂತೆ ಮರಿ ಏಳಲು ಹೆಣಗುತ್ತಿತ್ತು. ಎದ್ದು, ವಾಲಿ, ಬಿದ್ದು, ಮತ್ತೆ ಎದ್ದಿತು. ವಾಲ್ದೆಮಾರ್ ಟೋಪಿ ತೆಗೆದು ನೋಡುತ್ತ ನಿಂತಿದ್ದ. ಮಿರ್ತಾ ಪೆಟ್ಟಿಗೆ ಕಟ್ಟುತ್ತಿದ್ದರು.

"ಡಾಕ್ಟ್ರೇ, ಪೆಟ್ಟಿಗೆ ಕಟ್ಟಬೇಡಿ," ಎಂದಳು ನುಬಿಯಾ. "ಮರಿಯ ಎಡಗಾಲು ನೋಡಿ. ಮಂಡಿ ಊದ್ತಾ ಇದೆ."

ಮಿರ್ತಾ ಬಂದು ಮರಿಯ ಪಕ್ಕ ಮಂಡಿಯೂರಿದರು.