ಅರವತ್ತು ಗುಂಡಿ

ಮಾಸ್ತಪ್ಪನ ಗದ್ದೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಸಂಜೆ ತುಂಬಿಸಿದರೆ ಬೆಳಿಗ್ಗೆಗೆ ಮಣ್ಣು ಕಾಣುತ್ತಿತ್ತು. ಅಂಚಿನಲ್ಲಿ ಏಡಿಬಿಲ ಒಂದೂ ಇರಲಿಲ್ಲ. ನೀರು ಸಸಿಯ ಬೇರು ದಾಟಿ ನೆಟ್ಟಗೆ ಕೆಳಗಿಳಿಯುತ್ತಿತ್ತು.

ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂದ ವರ್ಷ ಜಮೀನುದಾರ ಮುಕುಂದಯ್ಯ ಆ ಗದ್ದೆಯಲ್ಲಿ ಅರವತ್ತು ಗುಂಡಿ ತೋಡಿಸಿ ತೆಂಗಿನ ಸಸಿ ಊರಿಸಿದ್ದರು. ಇದು ತಾನೇ ಮಾಡಿಸುವ ತೋಟ, ಇಲ್ಲಿ ಗೇಣಿಯೇ ಇಲ್ಲ ಎಂದು ಟ್ರಿಬ್ಯೂನಲ್ ಮುಂದೆ ಹೇಳಿದ್ದರು. ಟ್ರಿಬ್ಯೂನಲ್ ನಂಬಲಿಲ್ಲ. ಕೆಳಗಿನ ಜಮೀನು ಮುಕುಂದಯ್ಯನಿಗೆ ಉಳಿದು, ಗದ್ದೆ ಗೇಣಿದಾರ ಮಾಸ್ತಪ್ಪನದಾಯಿತು. ಆದರೆ ಅವನ ಅಜ್ಜ, ಅಪ್ಪ ಕೋಣ ಕಟ್ಟಿ ತುಳಿಸಿ ತುಳಿಸಿ ಗಟ್ಟಿ ಮಾಡಿದ್ದ ತಳ ಅರವತ್ತು ಕಡೆ ಒಡೆದಿತ್ತು. ತೆಂಗು ಕಿತ್ತು ಗುಂಡಿ ಮುಚ್ಚಿದ, ತಳ ಕೂಡಲಿಲ್ಲ. ಮಳೆಗಾಲದಲ್ಲಿ ಇದು ತಿಳಿಯುತ್ತಿರಲಿಲ್ಲ. ಕೆರೆನೀರು ನಂಬಿದ ಬೇಸಿಗೆ ಭತ್ತಕ್ಕೆ ಕುತ್ತು ಬರುತ್ತಿತ್ತು.

ಗುಂಡಿ ತೋಡಿದ ನಾಲ್ಕನೆಯ ವರ್ಷ ಕೆರೆ ಏರಿಯ ಮೇಲೆ ನೀರಿನ ಸರದಿ ಗೊತ್ತುಮಾಡುವಾಗ ಮುಕುಂದಯ್ಯನೇ ಬಾಯಿ ತೆಗೆದರು.

"ಇವನ ಗದ್ದೆ ಎರಡು ಗದ್ದೆ ನೀರು ಕುಡಿತದೆ ಮಾರಾಯ್ರೆ. ಇವನ ಸರದಿ ತೆಗೀರಿ. ಏನೋ ಮಾಸ್ತ, ಸರ್ಕಾರ ಗದ್ದೆ ಕೊಡ್ತು, ತಳ ಕೊಡೋಕೆ ಮರೀತಾ?"

ಜನ ನಕ್ಕರು. ಗುಂಡಿ ತೋಡಿದ್ದ ಆಳುಗಳೂ ನಕ್ಕರು.

"ತಳ ಒಡೆಸಿದ್ದು ಯಾರು ಅಂತ ಮುಕುಂದಯ್ಯನೋರನ್ನೇ ಕೇಳಿ" ಎಂದ ಮಾಸ್ತಪ್ಪ. ಯಾರೂ ಕೇಳಲಿಲ್ಲ. "ಆಯ್ತು. ನೀರು ಕುಡಿಯೋರು ಯಾರು ಅಂತ ತೋರಿಸ್ತೀನಿ. ಎರಡು ಸರದಿ ನಂಗೆ ನೀರು ಬ್ಯಾಡ. ಆಮೇಲೆ ತೀರ್ಮಾನ ಮಾಡಿ."

ಮನೆಯಲ್ಲಿ ಹೆಂಡತಿ ರಂಗಮ್ಮ ಹಾರಾಡಿದಳು. "ಸಸಿ ಸುಟ್ಟು ಹೋಗ್ತಾವೆ. ಉಣ್ಣದು ನಿನ್ನ ಹಟಾನಾ?"

"ಸರದಿ ಹೋದ್ರೆ ಅದೂ ಇಲ್ಲ."

ಒಂದು ಸರದಿಗೆ ನಾಲ್ಕು ದಿನ. ಎಂಟನೆಯ ದಿನ ಮಾಸ್ತಪ್ಪನ ಗದ್ದೆ ಬಿರುಕು ಬಿಟ್ಟು, ಸಸಿಯ ತುದಿ ಸುರುಟಿತ್ತು. ರಂಗಮ್ಮ ಅತ್ತ ತಿರುಗಿ ನೋಡುವುದನ್ನೇ ಬಿಟ್ಟಿದ್ದಳು. ಒಂಬತ್ತನೆಯ ದಿನ ಜನ ಮತ್ತೆ ಏರಿಯ ಮೇಲೆ ಸೇರಿದಾಗ ಮುಕುಂದಯ್ಯ ಏದುಸಿರು ಬಿಡುತ್ತ ಬಂದರು. ನೀರು ಬಿಡುವ ದುಗ್ಗಪ್ಪನ ಮೇಲೆ ಹರಿಹಾಯ್ದರು.

"ಎರಡು ಸರದಿ ಮುಗೀತಲ್ಲ, ಇವನ ಗದ್ದೆಗೆ ಯಾಕೋ ಇನ್ನೂ ನೀರು ಬಿಟ್ಟಿಲ್ಲ? ಕೆಳಗೆ ನನ್ನ ಕಬ್ಬು ಬಾಡ್ತಾ ಉಂಟು! ಇವನ ಗದ್ದೆಯ ದರೆಯಿಂದ ಒಂದು ತೊಟ್ಟೂ ಒಸರ್ತಿಲ್ಲ!"

 ಹೇಳಿದ್ದೇನೆಂದು ಮುಕುಂದಯ್ಯನಿಗೇ ಆಮೇಲೆ ಹೊಳೆಯಿತು.

"ಕುಡೀತಿದ್ದ ಬಾಯಿ ಯಾವ್ದು ಅಂತ ಗೊತ್ತಾಯ್ತಲ" ಎಂದಳು ಗಂಡನ ಹಿಂದೆ ನಿಂತಿದ್ದ ರಂಗಮ್ಮ.

ಈ ಸಲ ನಕ್ಕವರು ಮುಖ ತಿರುಗಿಸಿಕೊಂಡು ನಕ್ಕರು. ಸರದಿ ಉಳಿಯಿತು. ಒಡೆದ ತಳಕ್ಕೆ ಮುಕುಂದಯ್ಯ ಏನು ಕೊಡಬೇಕೆಂಬ ಮಾತನ್ನು ಒಬ್ಬನೂ ಎತ್ತಲಿಲ್ಲ. ಅರ್ಧ ಸಸಿ ಸತ್ತಿತ್ತು.

ಉಳಿದದ್ದನ್ನು ಕೊಯ್ದ ಮೇಲೆ ಗಂಡ ಹೆಂಡತಿ ಅರವತ್ತು ಗುಂಡಿಯನ್ನೂ ಮತ್ತೆ ತೋಡಿದರು. ಹುತ್ತದ ಮಣ್ಣು, ಕೆರೆಯ ಜೇಡಿ ಹೊತ್ತು ತಂದು ತುಂಬಿ, ನೀರು ಹಾಕಿ, ಮೊದಲು ಕಾಲಲ್ಲಿ, ಆಮೇಲೆ ಎರವಲು ಕೋಣದಲ್ಲಿ ತುಳಿದರು. ರಂಗಮ್ಮನ ಹಿಮ್ಮಡಿ ಒಡೆದು ರಕ್ತ ಬಂತು. ಮುಂದಿನ ಬೇಸಿಗೆ ಗದ್ದೆಯಲ್ಲಿ ಮೂರು ದಿನವಾದರೂ ಎರಡು ಬೆರಳು ನೀರು ನಿಂತಿತ್ತು.

ಹದಿನೈದು ದಿನಕ್ಕೆ ತಾಲ್ಲೂಕು ಕಚೇರಿಯ ನೋಟೀಸು ಬಂತು. ದುಗ್ಗಪ್ಪ ಓದಿದ: ‘ಅರ್ಜಿದಾರರ ಕಬ್ಬಿನ ಜಮೀನಿಗೆ ಮಾಮೂಲಾಗಿ ಬರುತ್ತಿದ್ದ ನೀರನ್ನು ನೀವು ದುರುದ್ದೇಶದಿಂದ ತಡೆದಿರುವುದಾಗಿ ದೂರು ಬಂದಿದೆ. ಏಳು ದಿನದಲ್ಲಿ ಕಾರಣ ತಿಳಿಸುವುದು.’

"ಅವ್ರಿಗೆ ಮಾಮೂಲಾಗಿದ್ದು ನಾಲ್ಕೇ ವರ್ಷದಲ್ಲಾ?" ಎಂದಳು ರಂಗಮ್ಮ.

ಮಾಸ್ತಪ್ಪ ಕೆಸರು ಕೈ ಒರೆಸಿಕೊಂಡ. "ಉತ್ತರ ಬರಿ ದುಗ್ಗಪ್ಪಣ್ಣ. ನನ್ನ ಗದ್ದೆಗೆ ತಳ ಹಾಕ್ದೆ ಅಂತ."

"ಅಷ್ಟೇಯಾ?"

"ಗುಂಡಿ ತೋಡಿದ ಆಳುಗಳ ಹೆಸರೂ ಬರಿ. ನೀನೂ ಇದ್ದೆಯಲ್ಲ, ಮೊದಲು ನಿಂದೇ ಬರಿ."

ದುಗ್ಗಪ್ಪ ಪೆನ್ನಿನ ಮುಚ್ಚಳ ತೆಗೆದ. ಆಳುಗಳ ಪಟ್ಟಿಯಲ್ಲಿ ಮೊದಲು ತನ್ನ ಹೆಸರನ್ನೇ ಬರೆದ.