ಹಕ್ಕಿ ಇಲ್ಲದ ಮನೆ

"ಮನೇಲಿ ಕೋಳಿ, ಗಿಳಿ, ಯಾವುದಾದ್ರೂ ಹಕ್ಕಿ ಇದೆಯಾ?" ಗೇಟಿನವನು ತಲೆ ಎತ್ತದೆ ಕೇಳಿದ.

"ಇಲ್ಲ."

ಅವಳ ಬಾಯಿ ತಾನಾಗಿಯೇ ಹೇಳಿಬಿಟ್ಟಿತ್ತು. ಲಸಿಕೆ ಕಾರ್ಖಾನೆಯಲ್ಲಿ ದಿನಾ ಬೆಳಿಗ್ಗೆ ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಚೆನ್ನಾಗಿದ್ದೀರಾ ಅಂದರೆ ಹೂಂ ಅನ್ನುವ ಹಾಗೆ ಎಲ್ಲರೂ ಇಲ್ಲ ಅಂದು ಒಳಗೆ ಹೋಗುತ್ತಾರೆ. ಇಷ್ಟು ವರ್ಷ ಅವಳ ಮಟ್ಟಿಗೆ ಅದು ನಿಜವೂ ಆಗಿತ್ತು. ನಿನ್ನೆ ಸಂಜೆ ಮಾತ್ರ, ತೀರಿಹೋದ ಗಂಡನ ತಾಯಿ ಒಂದು ಚೀಲ, ಒಂದು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಕೆಡವುತ್ತಿದ್ದರಂತೆ. ಬುಟ್ಟಿಯಲ್ಲಿ ಕೋಳಿಯಿತ್ತು.

"ಮೊಟ್ಟೆ ಇಡೋದು ಬಿಟ್ಟು ಎಷ್ಟೋ ಕಾಲ ಆಯ್ತು ಈ ಮುದುಕಿ. ಜೊತೆಗಿರ್ಲಿ ಅಂತ ಇಟ್ಕೊಂಡಿದ್ದೀನಿ," ಎಂದಿದ್ದರು ಅತ್ತೆ. ರಾತ್ರಿಯಿಡೀ ಅವರು ಕೋಳಿಯೊಡನೆ ಪಿಸುಮಾತಾಡುತ್ತಿದ್ದರು. ಅವಳಿಗೆ ನಿದ್ದೆ ಬಂದಿರಲಿಲ್ಲ.

ಸ್ನಾನ ಮಾಡಿ, ಕಾರ್ಖಾನೆಯ ಬಟ್ಟೆ ಹಾಕಿಕೊಂಡು ಅವಳು ಕತ್ತಲೆ ಕೋಣೆಗೆ ಹೋದಳು. ಅವಳ ಕೆಲಸ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವುದು. ಕೆಂಪು ನರಗಳು ಬೇರಿನಂತೆ ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕಿದರೆ ಜೀವವಿದೆ. ಅಂಥದ್ದಕ್ಕೆ ಮಾತ್ರ ಪಕ್ಕದ ಕೋಣೆಯವರು ಸೂಜಿಯಿಂದ ವೈರಸ್ ಹಾಕುತ್ತಾರೆ. ಸತ್ತ ಮೊಟ್ಟೆಯಲ್ಲಿ ಅದು ಬೆಳೆಯುವುದಿಲ್ಲ. ಬೆಳೆದದ್ದನ್ನು ತೆಗೆದು, ನಿಷ್ಕ್ರಿಯ ಮಾಡಿ, ಲಸಿಕೆ ತಯಾರಿಸುತ್ತಾರೆ. ಹೊರಗಿನ ಹಕ್ಕಿಯ ಯಾವುದೋ ರೋಗ ಇವರ ಮೈಗಂಟಿ ಬಂದು ಈ ಮೊಟ್ಟೆಗಳಿಗೆ ತಗುಲಿದರೆ ಇಡೀ ಕೋಣೆ ಹಾಳು. ಗೇಟಿನ ಪ್ರಶ್ನೆ ಅದಕ್ಕೇ.

ನಾಲ್ಕನೇ ತಟ್ಟೆಯ ಕೊನೆಯ ಮೊಟ್ಟೆಯನ್ನು ಅವಳು ಎರಡು ಸಲ ದೀಪಕ್ಕೆ ಹಿಡಿದಳು. ಕಪ್ಪು ಚುಕ್ಕೆ ಮಿಸುಕಿದ್ದು ಮೊಟ್ಟೆಯೊಳಗೋ ತನ್ನ ಕಣ್ಣೊಳಗೋ ತಿಳಿಯಲಿಲ್ಲ. ದೀಪ ಆರಿಸಿ ಮೇಲ್ವಿಚಾರಕಿಯ ಬಳಿ ಹೋಗಿ ಇದ್ದದ್ದನ್ನು ಹೇಳಿದಳು.

ಮೇಲ್ವಿಚಾರಕಿ ಬೈಯಲಿಲ್ಲ. ಬೈಯಲೂ ಶಕ್ತಿ ಬೇಕು. ಆಕೆ ಎರಡು ಪಾಳಿ ಮಾಡಿ ಕುಳಿತಿದ್ದಳು. "ನೀನು ಮುಟ್ಟಿದ್ದೆಲ್ಲ ಬಿಸಾಕಿಸ್ತೀನಿ. ಮೂರು ದಿನ ಬರ್ಬೇಡ. ಆಮೇಲೂ ಕೋಳಿ ಇದ್ರೆ ಬರಲೇಬೇಡ. ಇದು ನನ್ನ ಕೈಯಲ್ಲಿಲ್ಲಮ್ಮ."

ಮಧ್ಯಾಹ್ನವೇ ಮನೆಗೆ ಬಂದ ಸೊಸೆಯನ್ನು ಕಂಡು ಅತ್ತೆ ಗಾಬರಿಯಾದರು. ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಂಡು ಬಂದರು. ಅವಳು ಗೋಡೆಗೊರಗಿ ಕುಳಿತು ಎಲ್ಲ ಹೇಳಿದಳು.

"ಅಷ್ಟು ಭಯಪಡೋಕೆ ಆ ರೋಗದ ಹುಳ ಎಷ್ಟು ದೊಡ್ಡದು?"

"ಹುಳ ಅಲ್ಲ ಅತ್ತೆ. ಅದಕ್ಕೆ ಬಾಯಿಲ್ಲ, ಉಸಿರಿಲ್ಲ. ಹೊರಗಿದ್ರೆ ಧೂಳಿನ ಹಾಗೆ ಸುಮ್ನೆ ಬಿದ್ದಿರುತ್ತೆ."

"ಹಾಗಾದ್ರೆ ಸತ್ತಿದೆ."

"ಸತ್ತಿದೆ ಅನ್ನೋಕೂ ಆಗಲ್ಲ." ಆಯಾಸದಲ್ಲಿ ಮಾತು ತಾನಾಗಿ ಹರಿಯಿತು. "ಮೈಯಲ್ಲಿರೋ ಒಂದೊಂದು ಜೀವಕೋಶಾನೂ ಒಂದೊಂದು ಮನೆ ಅಂದ್ಕೊಳ್ಳಿ. ಇದು ಹೇಗೋ ಒಳಗೆ ಸೇರ್ಕೊಳ್ಳುತ್ತೆ. ತನ್ನಂಥದ್ದನ್ನೇ ಮಾಡಿ ಅನ್ನೋ ಒಂದು ಚೀಟಿ, ಅದನ್ನ ಸುತ್ತೋಕೆ ಒಂದು ಹೊದಿಕೆ, ತರೋದು ಅಷ್ಟೇ. ಆಮೇಲೆ ಆ ಮನೆಯವರ ಒಲೆ, ಅವರ ಪಾತ್ರೆ, ಅವರ ದಿನಸಿ. ಅವರು ತಮ್ಮ ಕೆಲಸ ಬಿಟ್ಟು ಇದರ ಕೆಲಸ ಮಾಡಿ ಮಾಡಿ ಸುಸ್ತಾಗಿ ಸಾಯ್ತಾರೆ."

ಅತ್ತೆ ಮೂಲೆಯಲ್ಲಿದ್ದ ತಮ್ಮ ಚೀಲದತ್ತ ನೋಡಿದರು.

"ನಾನು ತಂದಿದ್ದೂ ಒಂದು ಚೀಲ, ಒಂದು ಬುಟ್ಟಿ," ಎಂದರು.

ನಿಮಗಲ್ಲ ಅತ್ತೆ ನಾನು ಹೇಳಿದ್ದು ಎಂದು ಅವಳು ಹೇಳಬೇಕಿತ್ತು. ಆದರೆ ನಿನ್ನೆ ಬಾಗಿಲು ತೆರೆದಾಗ ಅವಳ ಮನಸ್ಸಿಗೆ ಬಂದದ್ದು ಇದೇ ಮಾತು: ಬಂದು ಸೇರಿಕೊಂಡರಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಹೇಳಲು ನಾಚಿಕೆಯಾಯಿತು. ಕೋಳಿಯನ್ನು ಬಿಟ್ಟು ಅತ್ತೆ ಇರಲಾರರು ಎನಿಸಿತು. ಅವರನ್ನು ಕಳಿಸಿದರೆ ಅವರಿಗೆ ಹೋಗಲು ಜಾಗವಿರಲಿಲ್ಲ; ಇರಿಸಿಕೊಂಡು ಕೆಲಸ ಕಳೆದುಕೊಂಡರೆ ಇಬ್ಬರಿಗೂ ಇರಲಿಲ್ಲ. ಅಲ್ಲೇ ನೆಲದ ಮೇಲೆ ಒರಗಿದವಳಿಗೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ.

ಎಚ್ಚರವಾದಾಗ ಬೆಳಗಾಗಿತ್ತು. ಯಾರೋ ಅವಳ ಮೇಲೆ ಕಂಬಳಿ ಹೊದಿಸಿದ್ದರು. ಮನೆ ನಿಶ್ಶಬ್ದವಾಗಿತ್ತು. ಎದ್ದವಳು ಮೊದಲು ನೋಡಿದ್ದು ಮೂಲೆಯನ್ನು. ಚೀಲ ಅಲ್ಲೇ ಇತ್ತು. ಅವಳು ಬಿಟ್ಟ ಉಸಿರು ಅವಳಿಗೇ ಕೇಳಿಸಿತು.

ಅತ್ತೆ ಕಿಟಕಿಯ ಬಳಿ ಬುಟ್ಟಿಯನ್ನು ಬೋರಲು ಹಾಕಿ ಕೊಡವುತ್ತಿದ್ದರು.

"ಕೋಳಿ?"

"ಹಾಲಿನವನಿಗೆ ಕೊಟ್ಟೆ. ಅವನ ಹೆಂಡ್ತಿಗೆ ಕೋಳಿ ಅಂದ್ರೆ ಇಷ್ಟವಂತೆ." ಸ್ವಲ್ಪ ತಡೆದು ಹೇಳಿದರು, "ಎಂಥಾ ಇಷ್ಟ ಅಂತ ನಾನು ಕೇಳೋಕೆ ಹೋಗ್ಲಿಲ್ಲ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅತ್ತೆ ತಿರುಗಿ ನೋಡಲಿಲ್ಲ.

ಬುಟ್ಟಿಯ ಸಂದಿನಲ್ಲಿ ಉಳಿದಿದ್ದ ಕಾಳು ಕಿಟಕಿಯ ಹೊರಗಿನ ಕಟ್ಟೆಗೆ ಉದುರಿದವು. ಎಲ್ಲಿದ್ದವೋ, ಎರಡು ಪಾರಿವಾಳ ಪಟಪಟನೆ ಬಂದು ಕುಳಿತವು. ಅತ್ತೆಯ ಕೈ ಅಭ್ಯಾಸದಂತೆ ಅವುಗಳತ್ತ ಚಾಚಿತು, ಅರ್ಧದಲ್ಲೇ ನಿಂತಿತು.

"ಹೋಗಿ, ಹೋಗಿ," ಎಂದರು ಮೆಲ್ಲಗೆ. "ನಮ್ಮನೆ ಹುಡುಗಿ ಕೆಲಸಕ್ಕೆ ಹೋಗ್ಬೇಕು."

ಅವು ಕದಲಲಿಲ್ಲ. ಅತ್ತೆ ಕಿಟಕಿ ಮುಚ್ಚಿ, ಗಾಜಿಗೆ ಅಂಗೈ ಒತ್ತಿಕೊಂಡು, ಅವು ಕಾಳು ಹೆಕ್ಕುವುದನ್ನು ನೋಡುತ್ತ ನಿಂತರು.